ಓದುಗರ ಪ್ರಶ್ನೆ, ನಮ್ಮ ಉತ್ತರ: ಟೋನಿ ಮಾರಿಸನ್ ಆಫೀಸಲ್ಲಿ ಏನ್ ಮಾಡ್ತಿದ್ರು?

ಹೋದ ಸಂಚಿಕೇಲಿ ಒಬ್ಬರು "ದೊಡ್ಡ ದೊಡ್ಡ ಲೇಖಕರು ಹೊಟ್ಟೆಪಾಡಿಗೆ ಏನ್ ಮಾಡ್ತಿದ್ರು" ಅಂತ ಕೇಳಿದ್ರು. ಅದಕ್ಕೆ ನಾನು ಅಮೆರಿಕದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಹೆಸರು ಹೇಳಿ, ಅವರು ನ್ಯೂಯಾರ್ಕಿನ ರಾಂಡಮ್ ಹೌಸ್ ಅನ್ನೋ ಪ್ರಕಾಶನ ಸಂಸ್ಥೇಲಿ ಹದಿನೈದು ವರ್ಷಕ್ಕೂ ಜಾಸ್ತಿ ಬೇರೆಯವರ ಪುಸ್ತಕ ಎಡಿಟ್ ಮಾಡ್ಕೊಂಡಿದ್ರು, ನೊಬೆಲ್ ಬಂದಿದ್ದು ಅದೆಲ್ಲ ಆದ್ಮೇಲೆ 1993ರಲ್ಲಿ ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಿಬಿಟ್ಟಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದೀನಿ, ಪೂರ್ತಿ ಅಂಕಣ ಅವರಿಗೇ.

ಪ್ರಶ್ನೆ (ಮೈಸೂರಿನಿಂದ ಒಬ್ಬ ಎಂ.ಎ. ವಿದ್ಯಾರ್ಥಿನಿ): ಮೇಡಂ, ನಮ್ಮ ಸಿಲಬಸ್‌ನಲ್ಲಿ ಮಾರಿಸನ್ ಇದಾರೆ, ಆದ್ರೆ ಕ್ಲಾಸಲ್ಲಿ ಅವರ ನೌಕರಿ ಬಗ್ಗೆ ಯಾರೂ ಒಂದು ಮಾತೂ ಹೇಳ್ಲಿಲ್ಲ. ಅವರು ಯಾಕೆ ಆ ಕೆಲಸಕ್ಕೆ ಸೇರಿದ್ರು? ಬರೀ ದುಡ್ಡಿಗಾ?

ಉತ್ತರ: ಶುರು ಆಗಿದ್ದು ದುಡ್ಡಿಗೇ. ಅದರಲ್ಲಿ ಮುಚ್ಚಿಡೋ ಅಂಥದ್ದು ಏನೂ ಇಲ್ಲ.

ಅವರು ಹುಟ್ಟಿದ್ದು 1931ರ ಫೆಬ್ರವರಿ 18ಕ್ಕೆ, ಓಹಾಯೋ ರಾಜ್ಯದ ಲೊರೇನ್ ಅನ್ನೋ ಊರಲ್ಲಿ. ಉಕ್ಕಿನ ಕಾರ್ಖಾನೆ ಇರೋ ಊರು ಅದು. ಹೆಸರು ಕ್ಲೋಯಿ ವಾಫರ್ಡ್. ಹನ್ನೆರಡನೇ ವಯಸ್ಸಲ್ಲಿ ಕ್ಯಾಥೊಲಿಕ್ ಆದಾಗ ಸಂತ ಆಂಥನಿ ಹೆಸರು ಸೇರ್ತು, ಅದರಿಂದಲೇ ಟೋನಿ ಅನ್ನೋದು ಬಂತು. ಮನೇಲಿ ಬಡತನ. ಮಗುಗೆ ಎರಡು ವರ್ಷ ಇದ್ದಾಗ ತಿಂಗಳ ಬಾಡಿಗೆ ನಾಲ್ಕು ಡಾಲರ್ ಕೊಡ್ಲಿಲ್ಲ ಅಂತ ಮನೆ ಓನರ್ರೇ ಮನೆಗೆ ಬೆಂಕಿ ಇಟ್ಟಿದ್ದ, ಒಳಗೆ ಜನ ಇರೋವಾಗ್ಲೇ. ಅಲ್ಲಿಂದ ಎದ್ದು ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದ್ರು, ಕಾರ್ನೆಲ್‌ನಲ್ಲಿ 1955ರಲ್ಲಿ ಎಂ.ಎ. ಮಾಡಿದ್ರು, ಆಮೇಲೆ ಮೇಷ್ಟ್ರ ಕೆಲಸ, ಮದುವೆ, ಒಂದು ಮಗು. 1964ರಲ್ಲಿ ಮದುವೆ ಮುರೀತು. ಆಗ ಹೊಟ್ಟೇಲಿ ಇನ್ನೊಂದು ಮಗು. ಸ್ವಲ್ಪ ದಿನ ತವರುಮನೇಲಿ ಇದ್ದು, 1965ರಲ್ಲಿ ಸಿರಾಕ್ಯೂಸ್ ಅನ್ನೋ ಊರಲ್ಲಿ ಶಾಲಾ ಪಠ್ಯಪುಸ್ತಕ ಮಾಡೋ ಕಂಪನಿಗೆ ಎಡಿಟರ್ ಆಗಿ ಸೇರ್ಕೊಂಡ್ರು. ಅದು ರಾಂಡಮ್ ಹೌಸ್‌ಗೇ ಸೇರಿದ ಕಂಪನಿ. ಪರಿಚಯದವರು ಯಾರೂ ಇಲ್ಲ, ಸಿಕ್ಕಾಪಟ್ಟೆ ಹಿಮ ಬೀಳೋ ಊರು, ಕೈಯಲ್ಲಿ ಇಬ್ಬರು ಗಂಡು ಮಕ್ಕಳು. ಎರಡು ವರ್ಷ ಆದ್ಮೇಲೆ ನ್ಯೂಯಾರ್ಕ್ ಆಫೀಸಿಗೆ ಬಂದ್ರು, ಅಲ್ಲಿನ ಕಥೆ ಕಾದಂಬರಿ ವಿಭಾಗದಲ್ಲಿ ಸೀನಿಯರ್ ಎಡಿಟರ್ ಆದ ಮೊದಲ ಕಪ್ಪು ಹೆಣ್ಣುಮಗಳು ಅವರೇ.

ಸಂಬಳದ ವಿಷಯ ಬಂತಲ್ಲ, ಇದೊಂದು ಹೇಳ್ಬೇಕು. ಅದೇ ಕೆಲಸಕ್ಕೆ ಗಂಡಸರಿಗೆ ಜಾಸ್ತಿ ಕೊಡ್ತಿದಾರೆ ಅಂತ ಗೊತ್ತಾದಾಗ ಅವರು ಸೀದಾ ಬಾಸ್ ಹತ್ರ ಹೋಗಿ, ನಿಮ್ಮ ಮನೆಗೆ ನೀವು ಹೇಗೆ ಯಜಮಾನರೋ ನನ್ನ ಮನೆಗೆ ನಾನೂ ಹಾಗೇ ಅನ್ನೋ ಅರ್ಥದಲ್ಲಿ ಕೇಳಿದ್ರು. ಅತ್ತಿಲ್ಲ, ಜಗಳ ಆಡಿಲ್ಲ. ಸಂಬಳ ಹೆಚ್ಚು ಮಾಡಿಸ್ಕೊಂಡು ಬಂದ್ರು.

ಆದ್ರೆ ನಿಮ್ಮ "ಬರೀ" ಅನ್ನೋ ಪದ ಇದೆ ನೋಡಿ, ಅಲ್ಲಿ ನನಗೆ ಒಪ್ಪಿಗೆ ಇಲ್ಲ. ದುಡ್ಡಿಗೆ ಶುರುವಾದ ಕೆಲಸ ದುಡ್ಡಲ್ಲೇ ನಿಲ್ಲಲಿಲ್ಲ. ಅವರ ಕಾದಂಬರಿಗಳ ಬೇರು ಆ ಆಫೀಸಿನ ಮೇಜಿನ ಕೆಳಗೇ ಇದೆ ಅಂತ ನಾನು ಹೇಳ್ತೀನಿ, ಯಾಕೆ ಅನ್ನೋದು ಮುಂದಿನ ಉತ್ತರಗಳಲ್ಲಿ ಬರುತ್ತೆ, ಪೂರ್ತಿ ಓದಿ.

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ಓದುಗರು): ಪತ್ರಿಕೆಗೆ ಸಂಪಾದಕರು ಇರ್ತಾರೆ, ಗೊತ್ತು. ಕಾದಂಬರಿಗೆ ಎಂಥಾ ಸಂಪಾದಕರು? ಬರೆದಿರೋದು ಒಬ್ಬರೇ ಅಲ್ವಾ? ಕಾಗುಣಿತ ತಿದ್ದೋದಕ್ಕೆ ಅಷ್ಟು ದೊಡ್ಡ ಹೆಸರಾ?

ಉತ್ತರ: ಈ ಗೊಂದಲ ನಿಮ್ಮ ತಪ್ಪಲ್ಲ. ಕನ್ನಡದಲ್ಲಿ ಸಂಪಾದನೆ ಅಂದ್ರೆ ನಮಗೆ ಮೊದಲು ನೆನಪಾಗೋದು ಗ್ರಂಥ ಸಂಪಾದನೆ. ಓಲೆಗರಿ ಪ್ರತಿಗಳನ್ನ ಪಕ್ಕಪಕ್ಕ ಇಟ್ಕೊಂಡು, ಪಾಠಭೇದ ನೋಡಿ ಕವಿ ಬರೆದ ಮೂಲ ಯಾವುದು ಅಂತ ಹುಡುಕೋದು, ಡಿ.ಎಲ್. ನರಸಿಂಹಾಚಾರ್ ಅಂಥೋರು ಜೀವನ ತೇಯ್ದ ಕೆಲಸ ಅದು. ಇನ್ನೊಂದು, ಹತ್ತು ಜನರ ಲೇಖನ ಸೇರಿಸಿ ಪುಸ್ತಕ ಮಾಡೋದು, ಅವರಿಗೂ ಸಂಪಾದಕರು ಅಂತೀವಿ. ಬದುಕಿರೋ ಕಾದಂಬರಿಕಾರರ ಪಕ್ಕ ಕೂತು "ಈ ಅಧ್ಯಾಯ ಬೇಡ, ಆ ಪಾತ್ರ ಇಲ್ಲಿ ಯಾಕೆ ಸುಮ್ನಾಗ್ತಾಳೆ" ಅಂತ ಕೇಳೋರಿಗೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ. ಹಾಗಂತ ಜನ ಇರ್ಲಿಲ್ಲ ಅಂತಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲಾಗೆ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿದ್ರು, ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಹೊರಗೆ ಬಂದಿದ್ದು ಅಲ್ಲಿಂದಲೇ. ಗ್ರಂಥಮಾಲೆಯ ಆಫೀಸಿದ್ದ ಅಟ್ಟದ ಮೇಲೆ ನಡೆದ ಮಾತುಕತೆ ಇಲ್ಲದೆ ನಮ್ಮ ಎಷ್ಟೋ ಪುಸ್ತಕ ಈಗಿರೋ ಹಾಗೆ ಇರ್ತಿರ್ಲಿಲ್ಲ.

ಕಾಗುಣಿತ ನೋಡೋದು ಪ್ರೂಫ್ ರೀಡರ್ ಕೆಲಸ, ಅದೂ ಸಣ್ಣದಲ್ಲ. ಎಡಿಟರ್ ಕೆಲಸ ಅದಕ್ಕಿಂತ ತುಂಬಾ ಮುಂಚೇನೇ ಶುರುವಾಗುತ್ತೆ. ಬಂದ ಹಸ್ತಪ್ರತಿ ಓದ್ಬೇಕು, ತಗೋಬೇಕೋ ಬೇಡ್ವೋ ಹೇಳ್ಬೇಕು, ತಗೊಂಡ್ರೆ ಇದಕ್ಕೆ ದುಡ್ಡು ಹಾಕಿ ಅಂತ ಕಂಪನಿಯವರ ಜೊತೆ ವಾದ ಮಾಡ್ಬೇಕು, ಆಮೇಲೆ ಲೇಖಕರ ಜೊತೆ ಕೂತು ಒಂದು ಸಲ, ಎರಡು ಸಲ, ಐದು ಸಲ ತಿದ್ದಿಸ್ಬೇಕು, ಮುಖಪುಟ ಹೇಗಿರ್ಬೇಕು ನೋಡ್ಬೇಕು, ಹಿಂದಿನ ಬೆನ್ನುಡಿ ಬರೀಬೇಕು, ಅಂಗಡಿಯವರಿಗೆ ಇದನ್ನ ಯಾಕೆ ಇಟ್ಕೋಬೇಕು ಅಂತ ಹೇಳಿಕೊಡ್ಬೇಕು.

ನಾನೂ ಕೆಲವು ವರ್ಷ ಒಂದು ಪ್ರಕಾಶನದಲ್ಲಿ ಹಸ್ತಪ್ರತಿ ಓದೋ ಕೆಲಸ ಮಾಡಿದೀನಿ, ಹಾಗಾಗಿ ಒಂದು ಉದಾಹರಣೆ ಕೊಡ್ತೀನಿ. ಮಲೆನಾಡಿನ ನಿವೃತ್ತ ಮೇಷ್ಟ್ರೊಬ್ಬರು ಕಾದಂಬರಿ ಕಳಿಸಿದ್ರು, ಮೊದಲ ನಲವತ್ತು ಪುಟ ಪೂರ್ತಿ ವಂಶಾವಳಿ, ಯಾರು ಯಾರಿಗೆ ಹುಟ್ಟಿದ್ರು ಅಂತ. ನಲವತ್ತಮೂರನೇ ಪುಟದಲ್ಲಿ ಒಂದೇ ಒಂದು ಸಾಲು, ಅತ್ತೆ ಅಕ್ಕಿ ಅಳೆಯೋ ಪಾವನ್ನ ಸೊಸೆಗೆ ಸಿಗದ ಹಾಗೆ ಬಚ್ಚಿಡ್ತಿದ್ದಳು ಅಂತ. ನಾನು ಫೋನ್ ಮಾಡಿ "ಸರ್, ಆ ಪಾವು ಎಲ್ಲಿ ಇಡ್ತಿದ್ರು?" ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ದೇವರ ಮನೇಲಿ ಸಾಲಿಗ್ರಾಮದ ಸಂಪುಟದ ಹಿಂದೆ ಕಣಮ್ಮಾ, ಅಲ್ಲಿಗೆ ಮುಟ್ಟಾದವರು ಹೋಗೋ ಹಾಗಿರ್ಲಿಲ್ಲ, ಆ ಮೂರು ದಿನ ಸೊಸೆ ಮಕ್ಕಳಿಗೆ ಗಂಜಿ" ಅಂದ್ರು. ಹಾಗಂದು ಇನ್ನರ್ಧ ಗಂಟೆ ಮಾತಾಡಿದ್ರು. ಅದೇ ಮೊದಲ ಅಧ್ಯಾಯ ಆಯ್ತು, ವಂಶಾವಳಿ ಪೂರ್ತಿ ಹೋಯ್ತು. ಆ ಕಾದಂಬರೀಲಿ ನಾನು ಬರೆದ ಪದ ಒಂದೂ ಇಲ್ಲ. ಕೆಲಸ ಅಂದ್ರೆ ಅದು.

ಪ್ರಶ್ನೆ (ಬೆಳಗಾವಿಯಿಂದ ಒಬ್ಬ ಕಾಲೇಜು ಉಪನ್ಯಾಸಕರು): ಮಾರಿಸನ್ ಯಾರ ಯಾರ ಪುಸ್ತಕ ಎಡಿಟ್ ಮಾಡಿದ್ರು? ನಮಗೆ ಗೊತ್ತಿರೋ ಹೆಸರು ಇದಾವಾ?

ಉತ್ತರ: ಇದಾವೆ ಸರ್. ಬಾಕ್ಸರ್ ಮುಹಮ್ಮದ್ ಅಲಿ ಆತ್ಮಕಥೆ 1975ರಲ್ಲಿ ಬಂತಲ್ಲ, ಅದು ಅವರ ಕೈಯಿಂದ ಹೋಗಿದ್ದು. ಅವರು ಮೊದಮೊದಲು ಮಾಡಿದ ಪುಸ್ತಕಗಳಲ್ಲಿ ಆಫ್ರಿಕಾದ ಲೇಖಕರ ಒಂದು ಸಂಕಲನ ಇದೆ, 1972ರದ್ದು, ಚಿನುವಾ ಅಚಿಬೆ, ವೋಲೆ ಸೋಯಿಂಕಾ ಎಲ್ಲ ಅದರಲ್ಲಿ ಇದಾರೆ, ಆಗ ಅಮೆರಿಕದ ಸಾಮಾನ್ಯ ಓದುಗರಿಗೆ ಆ ಹೆಸರುಗಳು ಅಷ್ಟಾಗಿ ಗೊತ್ತಿರ್ಲಿಲ್ಲ.

ನನಗೆ ತುಂಬಾ ಹತ್ತಿರ ಅನ್ಸೋದು ಏಂಜೆಲಾ ಡೇವಿಸ್ ಪುಸ್ತಕದ ಕಥೆ. ಏಂಜೆಲಾ ಅಂದ್ರೆ ಕಪ್ಪು ಜನರ ಹೋರಾಟದಲ್ಲಿದ್ದ ತತ್ವಶಾಸ್ತ್ರದ ಅಧ್ಯಾಪಕಿ, ಕೊಲೆ ಆರೋಪ ಹೊತ್ತು ಸುಮಾರು 16 ತಿಂಗಳು ಜೈಲಲ್ಲಿದ್ದು 1972ರಲ್ಲಿ ನಿರ್ದೋಷಿ ಅಂತ ಹೊರಗೆ ಬಂದೋರು. ಇನ್ನೂ ಮೂವತ್ತು ತುಂಬಿರ್ಲಿಲ್ಲ, ಇಷ್ಟು ಚಿಕ್ಕ ವಯಸ್ಸಿಗೆ ಎಂಥಾ ಆತ್ಮಕಥೆ, ನಾನೊಬ್ಬಳೇ ಏನೋ ದೊಡ್ಡದು ಮಾಡಿದ ಹಾಗೆ ಆಗುತ್ತಲ್ಲ ಅಂತ ಅವರಿಗೆ ಇಷ್ಟವೇ ಇರ್ಲಿಲ್ಲ. ಮಾರಿಸನ್ ಒಪ್ಪಿಸಿದ್ರು. ಒಪ್ಪಿಸಿ, ಬರೀ ಅಂತ ಹೇಳಿ ಸುಮ್ನೆ ಕೂರಲಿಲ್ಲ. ಏಂಜೆಲಾ ಚಳವಳಿಯವರು, ವಿಚಾರದ ಭಾಷೆ ಸಲೀಸಾಗಿ ಬರ್ತಿತ್ತು. ಮಾರಿಸನ್ ಕೇಳ್ತಿದ್ದಿದ್ದು ಆ ಜಾಗ ನೋಡೋಕೆ ಹೇಗಿತ್ತು, ಅಲ್ಲಿ ಏನೇನಿತ್ತು, ಹೇಗನ್ನಿಸ್ತು ಅಂತ. 1974ರಲ್ಲಿ ಬಂದ ಆ ಪುಸ್ತಕ ತೆಗೆದ್ರೆ ಜೈಲಿನ ಬಾಗಿಲ ಸದ್ದು ಕೇಳುತ್ತೆ.

ಹೆಸರು ಇಲ್ಲದವರನ್ನೂ ಅವರು ಕೈ ಬಿಡ್ಲಿಲ್ಲ. ಹೆನ್ರಿ ಡ್ಯೂಮಸ್ ಅಂತ ಒಬ್ಬ ಕವಿ, ಕಥೆಗಾರ, 1968ರಲ್ಲಿ ನ್ಯೂಯಾರ್ಕಿನ ಸಬ್‌ವೇ ಸ್ಟೇಷನ್ನಿನಲ್ಲಿ ಪೊಲೀಸನ ಗುಂಡಿಗೆ ಸತ್ತುಹೋದ, ವಯಸ್ಸು 33. ಆತನ ಗೆಳೆಯರು ಉಳಿಸಿಟ್ಟಿದ್ದ ಬರಹಗಳನ್ನ ಮಾರಿಸನ್ ರಾಂಡಮ್ ಹೌಸ್‌ನಿಂದ ಪುಸ್ತಕ ಮಾಡಿಸಿದ್ರು. ಸತ್ತ ಲೇಖಕನಿಗೆ ಯಾವ ಕಂಪನಿ ದುಡ್ಡು ಹಾಕುತ್ತೆ ಹೇಳಿ, ಸಹಿ ಹಾಕಿಕೊಡೋಕೆ ಬರಲ್ಲ, ಇನ್ನೊಂದು ಪುಸ್ತಕ ಬರೆಯಲ್ಲ. ಇನ್ನು ಗೇಯ್ಲ್ ಜೋನ್ಸ್ ಅಂತ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಒಬ್ಬ ಹುಡುಗಿ, ಮಾತೇ ಆಡದ ಸ್ವಭಾವ. ಆಕೆಯ ಬರಹನ ಮೇಷ್ಟ್ರೊಬ್ಬರು ಮಾರಿಸನ್‌ಗೆ ಕಳಿಸಿದ್ರು. ಓದಿದ ಮಾರಿಸನ್, ಇದಾದ್ಮೇಲೆ ಕಪ್ಪು ಹೆಣ್ಣಿನ ಬಗ್ಗೆ ಬರೆಯೋ ಯಾವ ಕಾದಂಬರಿಯೂ ಮೊದಲಿನ ಹಾಗೆ ಇರೋಕಾಗಲ್ಲ ಅಂದ್ರು. ತಾನೂ ಕಪ್ಪು ಹೆಣ್ಣುಗಳ ಬಗ್ಗೆನೇ ಕಾದಂಬರಿ ಬರೀತಾ ಇರೋ ಒಬ್ಬಾಕೆ ಇನ್ನೊಬ್ಬಳ ಬಗ್ಗೆ ಹಾಗೆ ಹೇಳೋದಿದೆಯಲ್ಲ, ಅದಕ್ಕೆ ದೊಡ್ಡ ಮನಸ್ಸು ಬೇಕು. ಆ ಪುಸ್ತಕ 1975ರಲ್ಲಿ ಬಂತು.

ಪ್ರಶ್ನೆ (ಹಾಸನದಿಂದ ಒಬ್ಬ ಓದುಗರು): ಅಕ್ಕಾ, ನನಗೆ ಎರಡು ಮಕ್ಕಳು, ಬ್ಯಾಂಕ್ ಕೆಲಸ, ಮನೇಲಿ ಅತ್ತೆಗೆ ಹುಷಾರಿಲ್ಲ. ಬರೆಯೋ ಆಸೆ ಇದೆ, ಟೈಮ್ ಎಲ್ಲಿಂದ ತರ್ಲಿ? ಆಯಮ್ಮ ಹೇಗೆ ಬರೆದ್ರು?

ಉತ್ತರ: ತಂಗೀ, ಅವರಿಗೂ ಟೈಮ್ ಇರ್ಲಿಲ್ಲ. ಮಕ್ಕಳು ಏಳೋಕೆ ಮುಂಚೆ ಎದ್ದು ಬರೀತಿದ್ರು, ಆ ಅಭ್ಯಾಸ ಕೊನೇವರೆಗೂ ಹೋಗ್ಲಿಲ್ಲ. ಇನ್ನೂ ಕತ್ತಲಿರೋವಾಗ ಎದ್ದು ಕಾಫಿ ಮಾಡ್ಕೊಂಡು, ಬೆಳಕು ಹರಿಯೋದನ್ನ ನೋಡ್ತಾ ಕೂತ್ಕೊಳ್ಳೋದು, ಆ ಬೆಳಕು ಬರೋ ಹೊತ್ತಿಗೆ ತಾನಲ್ಲಿ ಕೂತಿರ್ಲೇಬೇಕು, ಅದು ಅವರ ನೇಮ. ಒಂದು ಸಲ ಚಿಕ್ಕ ಮಗ ಹತ್ತಿರ ಬಂದು ಬರೀತಿದ್ದ ಹಾಳೆ ಮೇಲೇ ಕಿತ್ತಳೆ ರಸ ವಾಂತಿ ಮಾಡ್ಬಿಟ್ಟ. ಅವರು ಪೆನ್ನು ಕೆಳಗೆ ಇಡ್ಲಿಲ್ಲ, ವಾಂತಿ ಸುತ್ತ ಬಳಸ್ಕೊಂಡು ಆ ಸಾಲು ಬರೆದು ಮುಗಿಸಿದ್ರು. ವಾಂತಿ ಆಮೇಲೂ ಒರೆಸ್ಬಹುದು, ಸಾಲು ಹೋದ್ರೆ ಹೋಯ್ತು ಅಂತ. ನಾನು ಇದನ್ನ ಮೊದಲ ಸಲ ಓದಿದಾಗ ನನ್ನ ಮಗಳಿಗೆ ಎಂಟು ತಿಂಗಳು, ಪುಸ್ತಕ ಮಡಚಿಟ್ಟು ಒಬ್ಬಳೇ ಕೂತು ಅತ್ತಿದೀನಿ. ಏಂಜೆಲಾ ಡೇವಿಸ್ ಕೂಡ ನೆನಪಿಸ್ಕೊಂಡಿದಾರೆ, ಕಾರಲ್ಲಿ ಒಟ್ಟಿಗೆ ಹೋಗೋವಾಗ ಟ್ರಾಫಿಕ್ಕಲ್ಲಿ ಗಾಡಿ ನಿಂತ್ರೆ ಮಾರಿಸನ್ ಪ್ಯಾಡ್ ತೆಗೆದು ಒಂದೆರಡು ಸಾಲು ಗೀಚ್ಕೊಳ್ತಿದ್ರು ಅಂತ.

ಹೀಗೆ ಬರೆದಿದ್ದೇ ಮೊದಲ ಕಾದಂಬರಿ "ದಿ ಬ್ಲೂಯೆಸ್ಟ್ ಐ". ನೀಲಿ ಕಣ್ಣು ಬೇಕು ಅಂತ ದೇವರನ್ನ ಬೇಡ್ಕೊಳ್ಳೋ ಕಪ್ಪು ಹುಡುಗಿಯ ಕಥೆ, ಅವರ ಜೊತೆ ಶಾಲೆಗೆ ಬರ್ತಿದ್ದ ಒಬ್ಬ ಹುಡುಗಿ ಹೇಳಿದ ಮಾತಿಂದ ಹುಟ್ಟಿದ್ದು. 1970ರಲ್ಲಿ ಬೇರೆ ಪ್ರಕಾಶನದಿಂದ ಬಂತು, ತಮ್ಮ ಆಫೀಸಲ್ಲಿ ಮುಂಚೆ ಯಾರಿಗೂ ಹೇಳಿರ್ಲಿಲ್ಲ. ಎಡಿಟ್ ಮಾಡೋಕೆ ಸಂಬಳ ಕೊಡ್ತಿದಾರೆ, ಬರೆಯೋಕಲ್ಲ ಅನ್ನೋದು ಅವರ ಲೆಕ್ಕ. ಆಗ ಅವರಿಗೆ 39 ವರ್ಷ. ನಿಮ್ಮ ವಯಸ್ಸು ನೀವು ಬರೆದಿಲ್ಲ, ನಾನು ಕೇಳೋದೂ ಇಲ್ಲ.

ನಿಮ್ಮ ಅತ್ತೆಯವರನ್ನ ನೋಡ್ಕೊಳ್ಳೋಕೆ ವಾರಕ್ಕೆ ಎರಡು ದಿನವಾದ್ರೂ ಇನ್ಯಾರಾದ್ರೂ ಬರ್ತಾರಾ ಕೇಳಿ. ಕೇಳೋಕೆ ನಾಚ್ಕೋಬೇಡಿ.

ಪ್ರಶ್ನೆ (ಅಮೆರಿಕದ ಸಿನ್ಸಿನಾಟಿಯಿಂದ ಒಬ್ಬ ಕನ್ನಡಿಗರು): ನಾನು ದಿನಾ ಆಫೀಸಿಗೆ ಓಹಾಯೋ ನದಿ ಸೇತುವೆ ದಾಟಿ ಕೆಂಟಕಿ ಕಡೆಗೆ ಹೋಗ್ತೀನಿ. "ಬಿಲವ್ಡ್" ಕಾದಂಬರಿ ಇಲ್ಲಿ ನಡೆದ ನಿಜ ಘಟನೆ ಅಂತಾರೆ. ನನ್ನ ಹೆಂಡತಿ ಅರ್ಧ ಓದಿ ಬಿಟ್ಟಳು, ತಾಯಿನೇ ಮಗುನ ಕೊಲ್ಲೋದು ನನ್ನ ಕೈಲಿ ಓದೋಕಾಗಲ್ಲ ಅಂದಳು. ಅಂಥಾ ಕಥೆ ಅವರಿಗೆ ಎಲ್ಲಿ ಸಿಕ್ತು?

ಉತ್ತರ: ಆಫೀಸಲ್ಲಿ ಸಿಕ್ತು. ನಿಜವಾಗ್ಲೂ.

1974ರಲ್ಲಿ ಮಾರಿಸನ್ "ದಿ ಬ್ಲ್ಯಾಕ್ ಬುಕ್" ಅಂತ ಒಂದು ದೊಡ್ಡ ಸೈಜಿನ ಪುಸ್ತಕ ಹೊರಗೆ ತಂದ್ರು, ಸುಮಾರು 200 ಪುಟ. ಅಮೆರಿಕದಲ್ಲಿ ಕಪ್ಪು ಜನ ಮುನ್ನೂರು ವರ್ಷ ಹೇಗೆ ಬದುಕಿದ್ರು ಅನ್ನೋದನ್ನ ಹೇಳೋ ಪುಸ್ತಕ, ಆದ್ರೆ ಇತಿಹಾಸದ ಪಾಠದ ಥರ ಅಲ್ಲ, ಮನೇಲಿ ಅಜ್ಜ ಅಂಟಿಸಿಟ್ಟ ಕಟಿಂಗ್‌ಗಳ ಪುಸ್ತಕದ ಥರ. ಗುಲಾಮರ ಹರಾಜಿನ ಜಾಹೀರಾತು, ಹಳೇ ಪೇಪರ್ ಕಟಿಂಗ್, ಕಪ್ಪು ಜನ ಕಂಡುಹಿಡಿದ ಯಂತ್ರಗಳ ಪೇಟೆಂಟ್ ಚಿತ್ರ, ಹಾಡಿನ ಹಾಳೆ, ಸಿನಿಮಾ ಪೋಸ್ಟರ್, ಫೋಟೋ. ಮುಖಂಡರದ್ದಲ್ಲ, ಸಾಮಾನ್ಯ ಜನರದ್ದು. ಮಿಡಲ್‌ಟನ್ ಹ್ಯಾರಿಸ್ ಮತ್ತೆ ಅವರ ಜೊತೆ ಮೂರು ಜನ, ಇಂಥದ್ದನ್ನೆಲ್ಲ ವರ್ಷಗಟ್ಟಲೆ ಕೂಡಿಟ್ಟಿದ್ದೋರು, ಅವರ ಹೆಸರಲ್ಲಿ ಪುಸ್ತಕ ಬಂತು. ಮುಖಪುಟದ ಮೇಲೆ ಮಾರಿಸನ್ ಹೆಸರಿಲ್ಲ.

ಆ ಕಟಿಂಗ್ ರಾಶೀಲಿ 1856ರ ಒಂದು ವರದಿ ಇತ್ತು. ಮಗುನ ಕೊಂದ ಗುಲಾಮ ತಾಯಿಯನ್ನ ಜೈಲಲ್ಲಿ ಭೇಟಿ ಮಾಡಿದ ಪಾದ್ರಿಯೊಬ್ಬರು ಬರೆದಿದ್ದು. ಆಕೆ ಮಾರ್ಗರೆಟ್ ಗಾರ್ನರ್. ಆ ವರ್ಷ ಜನವರೀಲಿ ನೀವು ದಾಟೋ ಅದೇ ನದಿ ಹೆಪ್ಪುಗಟ್ಟಿತ್ತು, ಗಂಡ ಮಕ್ಕಳ ಜೊತೆ ರಾತ್ರಿ ಮಂಜುಗಡ್ಡೆ ಮೇಲೆ ನಡ್ಕೊಂಡು ಕೆಂಟಕಿಯಿಂದ ನಿಮ್ಮ ಊರಿಗೆ ಬಂದಳು. ಕೆಂಟಕೀಲಿ ಗುಲಾಮಗಿರಿ ಇತ್ತು, ಓಹಾಯೋದಲ್ಲಿ ಇರ್ಲಿಲ್ಲ. ಆದ್ರೆ 1850ರ ಕಾನೂನಿನ ಪ್ರಕಾರ ಓಡಿ ಬಂದವರನ್ನ ಹಿಡಿದು ವಾಪಸ್ ಕೊಡ್ಲೇಬೇಕು. ಬಚ್ಚಿಟ್ಕೊಂಡಿದ್ದ ಮನೇನ ಮಾಲೀಕನ ಕಡೆಯವರು ಸುತ್ತುವರಿದ್ರು. ಸಿಕ್ಕಿಬೀಳ್ತೀವಿ ಅಂತ ಗೊತ್ತಾದಾಗ ಆಕೆ ಎರಡು ವರ್ಷದ ಮಗಳ ಕುತ್ತಿಗೆ ಕೊಯ್ದಳು, ಮಿಕ್ಕ ಮಕ್ಕಳನ್ನೂ ಕೊಲ್ಲೋಕೆ ಹೋಗಿದ್ದಳು, ಆಗ್ಲಿಲ್ಲ. ಕೋರ್ಟಲ್ಲಿ ಎದ್ದ ಪ್ರಶ್ನೆ ಕೇಳಿ: ಕೊಲೆ ಕೇಸ್ ಹಾಕ್ಬೇಕು ಅಂದ್ರೆ ಆಕೆ ಮನುಷ್ಯಳು ಅಂತ ಒಪ್ಕೋಬೇಕು. ಒಪ್ಪಲಿಲ್ಲ. ಮಾಲೀಕನ ಆಸ್ತಿ ಅಂತ ವಾಪಸ್ ಕಳಿಸಿದ್ರು.

ನಿಮ್ಮ ಮನೆಯವರಿಗೆ ಓದೋಕಾಗ್ಲಿಲ್ಲ ಅನ್ನೋದು ನನಗೆ ಪೂರ್ತಿ ಅರ್ಥ ಆಗುತ್ತೆ, ನಾನೂ ಎರಡು ಸಲ ಬಿಟ್ಟಿದ್ದೆ. ನಾವು ಪುಣ್ಯಕೋಟಿ ಕಥೆ ಕೇಳ್ಕೊಂಡು ಬೆಳೆದೋರು. ತಾಯಿ ಹುಲಿ ಹತ್ರ ಸಾಯೋಕೆ ಹೊರಡೋ ಮುಂಚೆ ಕರುನ ಬೇರೆ ಹಸುಗಳಿಗೆ ಒಪ್ಪಿಸಿ, ನಿಮ್ಮ ಮಗು ಅಂತ ನೋಡ್ಕೊಳ್ಳಿ ಅಂತ ಬೇಡ್ಕೊಳ್ತಾಳೆ. ಅಲ್ಲೇ ನಮಗೆಲ್ಲ ಗಂಟಲು ಕಟ್ಟೋದು. ಮಾರ್ಗರೆಟ್‌ಗೆ ಮಗುನ ಒಪ್ಪಿಸೋಕೆ ಒಂದು ದೊಡ್ಡಿನೂ ಇರ್ಲಿಲ್ಲ, ಒಂದು ಹಸುನೂ ಇರ್ಲಿಲ್ಲ. ಈ ಒಂದು ವಿಷಯ ತಲೇಲಿ ಇಟ್ಕೊಂಡು ಇನ್ನೊಂದು ಸಲ ಶುರು ಮಾಡೋಕೆ ಹೇಳಿ. ಆಗ್ದಿದ್ರೆ ಬಲವಂತ ಮಾಡ್ಬೇಡಿ.

ಆ ಕಟಿಂಗ್ ಮಾರಿಸನ್ ಮನಸ್ಸಲ್ಲಿ ಹತ್ತು ವರ್ಷ ಕೂತಿತ್ತು. 1983ರಲ್ಲಿ ಕೆಲಸ ಬಿಟ್ರು. ಬಿಟ್ಟ ಕೆಲವೇ ದಿನಕ್ಕೆ ಹಡ್ಸನ್ ನದಿ ಪಕ್ಕದ ತಮ್ಮ ಮನೆ ಮುಂದೆ ನೀರಿನ ಮೇಲೆ ಚಾಚಿರೋ ಕಟ್ಟೆ ಮೇಲೆ ಕೂತಿದ್ರಂತೆ, ಏನೋ ಚಡಪಡಿಕೆ, ಯಾವ ತೊಂದರೆನೂ ಇಲ್ಲ, ಮತ್ತೆ ಯಾಕೆ ಹೀಗೆ ಅಂತ ಯೋಚನೆ ಮಾಡಿದ್ರೆ ಅದು ಖುಷಿ! ಸ್ವತಂತ್ರ ಆದ ಖುಷಿ. ಆಗ ಹೆಣ್ಣಿಗೆ ಸ್ವತಂತ್ರ ಅಂದ್ರೇನು ಅನ್ನೋ ಯೋಚನೆ ಹತ್ತಿ, ಆ ಹಳೇ ಕಟಿಂಗ್ ನೆನಪಾಗಿ, ನೀರೊಳಗಿಂದ ಟೋಪಿ ಹಾಕ್ಕೊಂಡ ಒಬ್ಬಳು ಹೆಣ್ಣುಮಗಳು ಎದ್ದು ಬಂದ ಹಾಗೆ ಕಂಡಳಂತೆ. ಕಾದಂಬರಿ ಬಂದಿದ್ದು 1987ರಲ್ಲಿ, ಮುಂದಿನ ವರ್ಷ ಅದಕ್ಕೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಮಾರ್ಗರೆಟ್ ಬದುಕಿನ ಬಗ್ಗೆ ಬೇಕಂತಲೇ ಜಾಸ್ತಿ ಹುಡುಕೋಕೆ ಹೋಗ್ಲಿಲ್ಲ, ಉಳಿದಿದ್ದನ್ನ ತಾನೇ ಕಟ್ಟಬೇಕು ಅಂತ. ಮೊದಲ ಉತ್ತರದಲ್ಲಿ ಬೇರು ಮೇಜಿನ ಕೆಳಗಿದೆ ಅಂದ್ನಲ್ಲ, ಇದಕ್ಕೇ. ಆ ಆಫೀಸಲ್ಲಿ ಬೇರೆಯವರ ಪುಸ್ತಕಕ್ಕೆ ಅಂತ ಹಳೇ ಕಾಗದ ಓದದೇ ಇದ್ದಿದ್ರೆ ಆ ಕಾದಂಬರಿ ಇಲ್ಲ.

ನಿಮ್ಮ ಊರಿನ ನದಿ ದಂಡೇಲೇ ಗುಲಾಮರು ತಪ್ಪಿಸ್ಕೊಂಡು ಬಂದ ದಾರಿಯ ನೆನಪಿಗೆ ಒಂದು ಮ್ಯೂಸಿಯಂ ಇದೆ, 2004ರಲ್ಲಿ ತೆರೆದಿದ್ದು, ಫ್ರೀಡಂ ಸೆಂಟರ್ ಅಂತ. ಭಾನುವಾರ ಇಬ್ಬರೂ ಹೋಗಿ ಬನ್ನಿ.

ಪ್ರಶ್ನೆ (ಮಂಗಳೂರಿನಿಂದ ಒಬ್ಬ ಕಥೆಗಾರರು): ಸ್ವತಃ ಕಾದಂಬರಿಕಾರರಾದವರು ಬೇರೆಯವರ ಬರಹ ತಿದ್ದಿದರೆ ಎಲ್ಲವೂ ಅವರದೇ ಶೈಲಿಗೆ ತಿರುಗುವ ಅಪಾಯ ಇಲ್ಲವೇ? ಮತ್ತೆ ಅವರ ಬರಹವನ್ನು ಯಾರು ತಿದ್ದುತ್ತಿದ್ದರು ಮಾರಾಯ್ರೆ?

ಉತ್ತರ: ಅಪಾಯ ಇದೆ, ನಾನೇ ಕಣ್ಣಾರೆ ನೋಡಿದೀನಿ, ಒಬ್ಬ ಒಳ್ಳೆ ಲೇಖಕರು ಹೊಸಬರ ಕಥೆ ತಿದ್ದಿ ತಿದ್ದಿ ಕೊನೆಗೆ ಆ ಹುಡುಗನಿಗೇ ಅದು ತನ್ನ ಕಥೆ ಅಂತ ಗುರುತು ಸಿಗ್ಲಿಲ್ಲ. ಮಾರಿಸನ್ ಎಡಿಟ್ ಮಾಡಿದ ಪುಸ್ತಕಗಳಲ್ಲಿ ಹಾಗಾಗಿಲ್ಲ. ಟೋನಿ ಕೇಡ್ ಬಂಬಾರಾ ಕಥೆಗಳು ಬೀದಿ ಮಾತಿನ ಹಾಗೆ ಪಟಪಟ ಓಡ್ತವೆ, ಲಿಯಾನ್ ಫಾರೆಸ್ಟ್ ಸಾಲುಗಳು ಚರ್ಚಿನ ಪ್ರವಚನದ ಥರ ಸುತ್ತಿ ಸುತ್ತಿ ಏರ್ತವೆ, ಗೇಯ್ಲ್ ಜೋನ್ಸ್‌ದು ಬೋಳು ಬೋಳು ಮಾತು, ಪಕ್ಕಪಕ್ಕ ಇಟ್ರೆ ಒಬ್ಬರೇ ಎಡಿಟರ್ ಅಂತ ಹೇಳೋಕೇ ಆಗಲ್ಲ.

ಅವರನ್ನ ತಿದ್ದಿದ್ದು ರಾಬರ್ಟ್ ಗಾಟ್ಲಿಬ್, ನಾಫ್ ಪ್ರಕಾಶನದ ಎಡಿಟರ್. ಎರಡನೇ ಕಾದಂಬರಿ "ಸುಲಾ" 1973ರಲ್ಲಿ ಬಂದ್ಮೇಲೆ ಆತ ಹೇಳಿದ್ದು, ಇದು ಹದಿನಾಲ್ಕು ಸಾಲಿನ ಸುನೀತದ (ಸಾನೆಟ್) ಹಾಗೆ ಅಚ್ಚುಕಟ್ಟಾಗಿದೆ, ಇನ್ನು ಇದನ್ನೇ ಮಾಡ್ಬೇಡ, ಕೈ ಬಿಚ್ಚಿ ಬರೀ ಅಂತ. ಮುಂದಿನದ್ದು 1977ರ "ಸಾಂಗ್ ಆಫ್ ಸಾಲೊಮನ್", ಎಷ್ಟು ದೊಡ್ಡ ಹರವು ನೋಡಿ ಅದರದ್ದು. ಒಳ್ಳೆ ಎಡಿಟರ್ ಒಂದು ಮಾತು ಹೇಳಿದ್ರೆ ಮುಂದಿನ ಪುಸ್ತಕವೇ ಬದಲಾಗುತ್ತೆ. ಅವರಿಬ್ಬರ ಜಗಳ ಇದ್ದಿದ್ದು ಅಲ್ಪವಿರಾಮದ ಬಗ್ಗೆ, ಆತ ಹಾಕೋದು, ಇವರು ತೆಗೆಯೋದು. "ಬಿಲವ್ಡ್"ನ ಕಟ್ಟಕಡೆಯ ಪದ ಮೊದಲು ಬೇರೆ ಇತ್ತು, ಎಡಿಟರ್ ಜೊತೆ ಮಾತಾಡಿದ್ಮೇಲೆ ಬದಲಾಯಿಸಿದ್ರು, ಆಮೇಲೆ ಎಷ್ಟೋ ವರ್ಷ ಆದ್ಮೇಲೂ ಆ ಹಳೇ ಪದದ ಬಗ್ಗೆ ಅವರಿಗೆ ಕೊರಗಿತ್ತು. ಅದನ್ನ ಬರೆದೇ ಹೇಳಿದಾರೆ. ಅಂದ್ರೆ ತಿದ್ದಿಸ್ಕೊಳ್ಳೋದು ಏನು ಅಂತ ಅವರಿಗೆ ಎರಡೂ ಕಡೆಯಿಂದ ಗೊತ್ತಿತ್ತು.

ಪ್ರಶ್ನೆ (ಗದಗಿನಿಂದ ಒಬ್ಬ ಹಿರಿಯ ಓದುಗರು): ಅಕ್ಕಾರ, ನಾ ಮೂವತ್ತು ವರ್ಷ ಪ್ರೆಸ್ಸಿನ್ಯಾಗ ಪ್ರೂಫ್ ನೋಡೇನ್ರಿ. ಸಾವಿರಗಟ್ಟಲೆ ಪುಸ್ತಕ ಕೈಯಾಗ ಹಾದು ಹೋಗ್ಯಾವು, ಒಂದರಾಗೂ ನಮ್ಮ ಹೆಸರಿಲ್ಲ. ಆ ಬಾಯಿಯವರಿಗೆ ಇದು ಬ್ಯಾಸರ ಅನಸಲಿಲ್ಲೇನ್ರಿ?

ಉತ್ತರ: ಅಣ್ಣಾರ, ನಿಮ್ಮ ಪತ್ರ ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತೆ.

ಮಾರಿಸನ್ ಅವರ ಅಪ್ಪ ಜಾರ್ಜ್ ವಾಫರ್ಡ್ ಹಡಗು ಕಟ್ಟೋ ಕಡೆ ವೆಲ್ಡರ್ ಆಗಿದ್ರು. ಒಂದು ದಿನ ಮನೆಗೆ ಬಂದು, ಇವತ್ತು ಎರಡು ತಗಡಿನ ನಡುವೆ ಒಂದು ಬೆಸುಗೆ ಹಾಕಿದೀನಿ, ಎಷ್ಟು ಚೆನ್ನಾಗಿ ಬಂತು ಅಂದ್ರೆ ಅದರ ಮೇಲೆ ನನ್ನ ಹೆಸರಿನ ಅಕ್ಷರ ಹಾಕಿ ಬಂದೆ ಅಂದ್ರಂತೆ. ಮಗಳು, ಅಪ್ಪಾ ಅದು ಯಾರಿಗೂ ಕಾಣಲ್ವಲ್ಲ, ಮೇಲೆ ಇನ್ನೊಂದು ತಗಡು ಬರುತ್ತಲ್ಲ ಅಂದಿದ್ದಕ್ಕೆ, ಅದು ಅಲ್ಲಿದೆ ಅಂತ ನನಗೆ ಗೊತ್ತಲ್ಲ ಅಂದ್ರಂತೆ. ಇದನ್ನ ಅವರು ಮುದುಕಿ ಆದ್ಮೇಲೂ ಹೇಳ್ತಿದ್ರು. ನನಗೆ ಅನ್ಸೋದು, ಅವರು ಎಡಿಟರ್ ಕೆಲಸ ಕಲಿತಿದ್ದು ಕಾರ್ನೆಲ್‌ನಲ್ಲಿ ಅಲ್ಲ, ಈ ಮಾತಿಂದ.

ಆದ್ರೆ ಅಣ್ಣಾ, ಇಷ್ಟು ಹೇಳಿ ನಿಮ್ಮನ್ನ ಸಮಾಧಾನ ಮಾಡಿ ಕಳಿಸೋಕೆ ನನಗೆ ಇಷ್ಟ ಇಲ್ಲ. ಅಪ್ಪ ತನ್ನ ಅಕ್ಷರ ಹಾಕಿ ಬಂದಿದ್ದ, ಅದು ಮರೀಬಾರ್ದು. ಸಿನಿಮಾದಲ್ಲಿ ಲೈಟ್ ಹಿಡಿದೋರ ಹೆಸರೂ ಬರುತ್ತೆ. ಕನ್ನಡ ಪುಸ್ತಕದ ಎರಡನೇ ಪುಟದಲ್ಲಿ ಪ್ರೆಸ್ಸಿನ ಹೆಸರು, ಕಾಗದದ ತೂಕ ಎಲ್ಲ ಹಾಕ್ತೀವಿ, 70 ಜಿಎಸ್‌ಎಂ ಮ್ಯಾಪ್‌ಲಿತೋ ಅಂತ. ಅದೇ ಪುಟದಲ್ಲಿ ಕರಡು ತಿದ್ದಿದವರು ಅಂತ ಒಂದು ಸಾಲಿಗೆ ಜಾಗ ಇಲ್ವಾ? ನಾನು ಕೆಲಸ ಮಾಡ್ತಿದ್ದ ಕಡೆ ಇದನ್ನ ಕೇಳಿದ್ದಕ್ಕೆ "ಹಂಗೆಲ್ಲ ಹಾಕಿದ್ರೆ ಲೇಖಕರಿಗೆ ಬೇಜಾರಾಗುತ್ತೆ" ಅಂದಿದ್ರು. ಯಾವ ಲೇಖಕರಿಗೆ ಬೇಜಾರಾಗುತ್ತೆ ಅಂತ ಹೆಸರು ಕೊಡಿ ಅಂದೆ, ಕೊಡ್ಲಿಲ್ಲ. ಪ್ರಕಾಶಕರು ಯಾರಾದ್ರೂ ಇದನ್ನ ಓದ್ತಿದ್ರೆ, ಮುಂದಿನ ಪುಸ್ತಕದಿಂದ ಶುರು ಮಾಡಿ.

ನಮ್ಮ ಪತ್ರಿಕೇಲಿ ಈ ಅಂಕಣದ ಕರಡು ನೋಡೋರಿಗೆ ನಿಮ್ಮ ಪತ್ರ ತೋರಿಸಿದೀನಿ. ಅವರು ಅದನ್ನ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಕೊಂಡಿದಾರೆ.

ಪ್ರಶ್ನೆ (ತುಮಕೂರಿನಿಂದ ಒಬ್ಬ ಪಿಯುಸಿ ವಿದ್ಯಾರ್ಥಿ): ಮಿಸ್, ಇಂಗ್ಲಿಷ್ ಅಷ್ಟು ಬರಲ್ಲ. ಅವರ ಯಾವ ಪುಸ್ತಕದಿಂದ ಶುರು ಮಾಡ್ಲಿ? ಅವರು ಈಗ್ಲೂ ಇದಾರಾ?

ಉತ್ತರ: ಇಲ್ಲಪ್ಪಾ, 2019ರ ಆಗಸ್ಟ್ 5ಕ್ಕೆ ತೀರಿಕೊಂಡ್ರು, 88 ವರ್ಷ ಆಗಿತ್ತು. "ಸುಲಾ" ತಗೋ. ಚಿಕ್ಕದು, ಇಬ್ಬರು ಗೆಳತಿಯರ ಕಥೆ. ಡಿಕ್ಷನರಿ ಪಕ್ಕದಲ್ಲಿ ಬೇಡ, ಮೊದಲು ಒಂದು ಅಧ್ಯಾಯ ಬಾಯಿಬಿಟ್ಟು ಜೋರಾಗಿ ಓದು, ಅವರ ಸಾಲು ಕಿವಿಗೆ ಬರೆದಿರೋದು. ಗೊತ್ತಾಗದೇ ಇರೋ ಜಾಗಕ್ಕೆ ಪೆನ್ಸಿಲಲ್ಲಿ ಗೆರೆ ಹಾಕಿ ಪುಟದ ನಂಬರ್ ನನಗೆ ಬರೆದು ಕಳಿಸು, ಮುಂದಿನ ಸಂಚಿಕೇಲಿ ನೋಡೋಣ.